ಹುಟ್ಟು

ಕುಂಬಳೆ ಪೇಟೆಯ ಹಲ್ಲಿನ ಲ್ಯಾಬಿನಲ್ಲಿ
ರಾತ್ರಿ, ಅಚ್ಚು ಒಣಗುವಷ್ಟು ಹೊತ್ತು
ನಾನು ಸೈನ್ಯ ಕೆಡಿಸುತ್ತೇನೆ.

ಶಾರ್ಜಾದಿಂದ ಬಂದ ಡಬ್ಬಿ. ನಲವತ್ತೆಂಟು ಫ್ರೆಂಚ್ ಸಿಪಾಯಿಗಳು,
ಹೆಬ್ಬೆರಳ ಗೆಣ್ಣಿನಷ್ಟು ಎತ್ತರ.
ಟೊಪ್ಪಿ ಕೆತ್ತಿ
ವಸಡಿನ ಗುಲಾಬಿ ಮೇಣದಲ್ಲಿ ಮುಂಡಾಸು ಸುತ್ತುತ್ತೇನೆ.
ನೀಲಿ ಕೋಟಿನ ಮೇಲೆ ಬಿಸಿಲುಂಡ ಮೈಯ ಬಣ್ಣ, ಎರಡು ಸಲ.
ಬೂಟು ಹೆರೆದರೆ
ಒಳಗೆ ಪಾದವೇ ಇತ್ತು ಅನಿಸುತ್ತದೆ.

ನನಗೆ ಕೋಟೆ ಬೇಡ.
ಸೇತುವೆ ಇಲ್ಲದ ಕಾಲದ ಚಂದ್ರಗಿರಿ ಹೊಳೆ ಬೇಕು,
ಅದರ ದೋಣಿಗಳು.

ಬಂದೂಕು ಕತ್ತರಿಸುವುದು ಸುಲಭ.
ಕೈ ಮಾತ್ರ ಬಿಡುವುದಿಲ್ಲ,
ಇಲ್ಲದ್ದನ್ನೇ ಹಿಡಿದುಕೊಂಡಿರುತ್ತದೆ.
ಆ ಮುಷ್ಟಿಗೆ ಹಿಡಿಸೂಡಿ ಕಡ್ಡಿಯ ಹುಟ್ಟು ತುರುಕಿದೆ.

ಹಲ್ಲುಸೆಟ್ಟಿನ ಅಳತೆಗೆ ಬಂದ ಆಯಿಸುಮ್ಮ
ಕನ್ನಡಕ ಹಣೆಗೇರಿಸಿ ಬೊಚ್ಚುಬಾಯಲ್ಲಿ ಅಂದರು:
"ಎಂತದಿದು? ಇವ ದೋಣಿ ನಡೆಸುವುದಾ,
ನೀರಿಗೆ ಗುರಿ ಇಡುವುದಾ?
ನನ್ನ ಉಪ್ಪಾಪ ಹೀಗೆ ಹಿಡಿದಿದ್ದರೆ
ನಾವು ಯಾರೂ ಹುಟ್ಟುತ್ತಿರಲಿಲ್ಲ."

ಮೇಲಿನ ಕೈ ಹುಟ್ಟಿನ ನೆತ್ತಿಗೆ, ಅಂಗೈ ಕೆಳಗೆ.
ಪ್ಲಾಸ್ಟರ್ ಕಲಸುವ ಚಮಚ ಎತ್ತಿ
ಗಾಳಿಗೆ ನಾಲ್ಕು ಸಲ ಹುಟ್ಟು ಹಾಕಿದರು.

ಮತ್ತೆ ನಲವತ್ತೆಂಟು ಮಣಿಕಟ್ಟು.
ಸೂಜಿ ಕಾಯಿಸುತ್ತಿದ್ದೇನೆ.
ಅವರ ಹಲ್ಲು ಶುಕ್ರವಾರಕ್ಕೆ ಎಂದಿದ್ದೆ,
ತಡವಾಗಬಹುದು.