ಮೇಲ್ಸಂಪಾದನೆ

ಮೂವತ್ತೈದು ಸಾವಿರ ಅಡಿ ಮೇಲೆ ಸಂಪಾದಿಸುವವನಿಗೆ
ಮತ್ತೆ ಮೇಲ್ಸಂಪಾದನೆ ಯಾಕೋ, ಅಂದಳು ಆಯಿ
ನೊಗ್ಲಿಯ ಪೊರೆ ಹೆರೆಯುತ್ತ, ತಲೆಯೆತ್ತದೆ.

ಹೇಗೆ ಹೇಳಲಿ.
ನಮ್ಮದು ತಾಸಿನ ಕೂಲಿ.
ಬಾಗಿಲು ಮುಚ್ಚಿ ಚಕ್ರ ಉರುಳಿದಲ್ಲಿಂದ
ಚಕ್ರ ನಿಂತು ಬಾಗಿಲು ತೆರೆವ ತನಕ.
ಕಂಪನಿಯ ಹನ್ನೊಂದು ವಿಮಾನಗಳಲ್ಲಿ ಏಳಕ್ಕೆ ಇಂಜಿನ್ನಿಲ್ಲ,
ರೆಕ್ಕೆಯಡಿಯ ಬರಿದಿಗೆ ತಾಡಪತ್ರಿ ಕಟ್ಟಿ
ಎಲ್ಲೋ ನಾಗಪುರದ ಬಿಸಿಲಿಗೆ ನಿಲ್ಲಿಸಿದ್ದಾರೆ.
ಎಪ್ಪತ್ತು ತಾಸು ಇದ್ದದ್ದು ಹದಿನೆಂಟಕ್ಕಿಳಿಯಿತು.
ತರಬೇತಿಯ ಸಾಲದ ಕಂತು ಮಾತ್ರ
ಒಂದು ತಿಂಗಳೂ ತಡವಾಗಿ ಇಳಿದದ್ದಿಲ್ಲ.

ಹಾಗಾಗಿ ಕೋಡಿಬಾಗದ ಮನೆಯಲ್ಲಿ ಕೂತು
ಲಾಗ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದೆ:
ಇನ್ನೇನು ಬರುತ್ತದೆ ನನಗೆ?
ಹಾಳೆ ಬಹಳ ಹೊತ್ತು ಬಿಳಿಯಾಗಿಯೇ ಇತ್ತು.

ಮೊದಲು ಡ್ರೋನು.
ಚೆಂಡಿಯಾದಲ್ಲಿ ಮದುವೆ, ದಿಬ್ಬಣ ಬರುವುದನ್ನು
ಹದ್ದಿನ ಕಣ್ಣಲ್ಲಿ ಹಿಡಿಯಬೇಕು, ಆರು ಸಾವಿರ.
ಗಾಳಿ ಒಂದಿಷ್ಟು ಪಕ್ಕಕ್ಕೆ ತಳ್ಳಿತು, ಅಷ್ಟೆ.
ನೌಕಾನೆಲೆಯ ಬೇಲಿ ಅಲ್ಲೇ ಇದೆಯೆಂದು
ಮದುವೆಮನೆಯ ಅಡಿಗೆಯವನಿಗೂ ಗೊತ್ತಿತ್ತು, ನನಗೂ.

ಠಾಣೆಯಲ್ಲಿ ಹಾವೇರಿ ಕಡೆಯ ಹವಾಲ್ದಾರ ಕೇಳಿದ:
ಹಾರಸಾಕ ಲೈಸೆನ್ಸ್ ಐತೇನ್ರಿ?
ಇದೆ ಅಂದೆ. ತೆಗೆದು ಕೊಟ್ಟೆ.
ನೂರೆಂಬತ್ತು ಮಂದಿಯ ಜೀವ ಹೊರುವ ಆ ಪುಸ್ತಕವನ್ನು
ಹಿಂದೆ ಮುಂದೆ ತಿರುವಿ, ಮೇಜಿನ ಮೇಲೆ
ಅಂಗೈಯಗಲದ ಡ್ರೋನಿನ ಪಕ್ಕಕ್ಕಿಟ್ಟು
ಬಹಳ ಮರ್ಯಾದೆಯಿಂದ ಅಂದ:
ಇದು ದೊಡ್ಡದಕ್ಕಾತು. ಸಣ್ಣದಕ್ಕ?

ಆಮೇಲೆ ನಾಲ್ಕು ಹುಡುಗರಿಗೆ ಗಣಿತ ಹೇಳಿದೆ.
ಒಬ್ಬ ಪಾಸಾದ.

ಡ್ಯೂಟಿ ಬಂದ ದಿನ ಬೆಳಗಿನ ರೈಲು, ಮಡಗಾಂವಿಗೆ.
ಅಸ್ನೋಟಿಯಲ್ಲಿ ಹತ್ತಿ ಎದುರು ಕೂತವನು ಇನಾಸ್ ಫುರ್ತಾದ್.
ಏನು ಕೆಲಸ? ಕೇಳಿದೆ.
ಪೈಲಟ್, ಅಂದ.
ನಾನೂ, ಅಂದೆ.
ಇಬ್ಬರೂ ನಕ್ಕೆವು, ಬೇರೆ ಬೇರೆ ಕಾರಣಕ್ಕೆ.
ಗೋವೆಯಲ್ಲಿ ಬಾಡಿಗೆಗೆ ಜನರನ್ನು
ಬೈಕಿನ ಹಿಂದೆ ಕೂರಿಸಿ ಒಯ್ಯುವವನು ಪೈಲಟ್.
ಹಳದಿ ಮಡ್‌ಗಾರ್ಡು, ಸ್ಟೇಷನ್ನಿನೆದುರು ಸರತಿ,
ಸೀಟ್‌ಬೆಲ್ಟಿನ ಬದಲು ಅವನ ಭುಜ.
ಕಾಣಕೋಣ ದಾಟುವಷ್ಟರಲ್ಲಿ ಲೆಕ್ಕ ಹಾಕಿದೆವು.
ಕಂತು ಕಳೆದು, ಸಮವಸ್ತ್ರದ ಇಸ್ತ್ರಿ ಕಳೆದು,
ತಿಂಗಳ ಕೊನೆಗೆ ಅವನಿಗಿಂತ ನನ್ನ ಕೈಯಲ್ಲಿ
ನೂರಿಪ್ಪತ್ತು ರೂಪಾಯಿ ಹೆಚ್ಚು ಉಳಿಯುತ್ತದೆ.
ಮಳೆಗಾಲದಲ್ಲಿ ಯಾರೂ ಹಿಂದೆ ಕೂರುವುದಿಲ್ಲ ಮಾರಾಯ,
ಆಗ ನಾನು ಛತ್ರಿ ರಿಪೇರಿ ಮಾಡ್ತೇನೆ, ಅಂದ.
ನೀನು?

ಸುರಂಗ ಬಂತು. ಉತ್ತರ ಹೇಳದೆ ಪಾರಾದೆ.

ತಾಂಡೇಲ ಅಂದರೆ ಚುಕ್ಕಾಣಿ ಹಿಡಿದವನು.
ಅಜ್ಜ ಆ ಹೆಸರನ್ನು ಅಂಗೈಯ ದಡ್ಡಿನಲ್ಲಿ ಗಳಿಸಿದ್ದ.
ನನಗದು ಪಾಸ್‌ಪೋರ್ಟಿನಲ್ಲಿ ಪುಕ್ಕಟೆ ಸಿಕ್ಕಿತು.
ದೋಣಿ ದಡಕ್ಕೆಳೆದ ಎರಡು ತಿಂಗಳು
ಅಜ್ಜ ಊರವರ ಹರಿದ ಬಲೆ ಹೆಣೆಯುತ್ತಿದ್ದ,
ಅದಕ್ಕೊಂದು ಬೇರೆ ಹೆಸರಿದೆಯೆಂದು ತಿಳಿಯದೆ.

ಈಗ ನಸುಕಿನ ನಾಲ್ಕಕ್ಕೆ
ಬೈತಖೋಲದಿಂದ ಫೋನು:
ತಾಂಡೇಲರೇ, ಇವತ್ತು ಗಾಳಿ ಹೇಗೆ?
ಮೊಬೈಲಿನಲ್ಲಿ ಹವೆಯ ನಕ್ಷೆ ಬಿಚ್ಚುತ್ತೇನೆ,
ಹಾಸಿಗೆಯಲ್ಲೇ, ಕನ್ನಡಕವಿಲ್ಲದೆ.
ವಾಯವ್ಯದಿಂದ ಹದಿನೆಂಟು ಗಂಟು, ಮಧ್ಯಾಹ್ನಕ್ಕೆ ಹೆಚ್ಚೀತು,
ದೇವಗಡದ ದೀಪ ದಾಟಬೇಡಿ.
ಇಷ್ಟು ವರ್ಷ ಗಾಳಿಯನ್ನು ಗಂಟುಗಂಟಾಗಿ ಅಳೆದೆ,
ಕಟ್ಟಿಕೊಳ್ಳಲು ಒಂದೂ ಗಂಟಾಗಲಿಲ್ಲ.
ದುಡ್ಡು ಕೇಳಲು ನಾಲಿಗೆ ಏಳುವುದಿಲ್ಲ.
ಅವರೂ ಕೊಡುವುದಿಲ್ಲ.

ಸಂಜೆ ಗೇಟಿಗೆ ಚೀಲವೊಂದು ತೂಗಿರುತ್ತದೆ.
ಲಾಗ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆಯುತ್ತೇನೆ:
ಹಾರಾಟ, ಸೊನ್ನೆ. ಗಾಳಿ, ಹದಿನೆಂಟು.
ಬಂಗಡೆ, ಇಪ್ಪತ್ತೆರಡು.

ಇಪ್ಪತ್ತೊಂದು, ಅನ್ನುತ್ತಾಳೆ ಆಯಿ ಒಳಗಿನಿಂದ.
ಒಂದನ್ನು ಬೆಕ್ಕಿಗೆ ಹಾಕಿದೆ.