ಕಾರಣದ ಗೆರಿ

ಲಕೋಟಿ ಮೊದಲೇ ಬರೆದಿಟ್ಟಿದ್ದೆ, ಸ್ವಾಮಿ,
ಅದೇ ನನ್ನ ತಪ್ಪು.
ಹೆಸರು: ಏಸ್ತೇರವ್ವ ಹಂಚಿನಮನಿ.
ಕಾಣಿಕೆ: ೫೦೧.
ಕಾರಣ: ನೌಕರಿ ಕಾಯಂ ಆದದ್ದಕ್ಕ.

ಹನ್ನೊಂದು ವರ್ಷ ಈ ವಾಸ್ಕೋ ಬಂದರದಾಗ
ಕಲ್ಲಿದ್ದಲ ಧೂಳು ಬಳದೀನಿ.
ಸೀನಿದರ ಸೆರಗು ಕರ್ರಗ,
ಅತ್ತರ ಕಣ್ಣೀರೂ ಕರ್ರಗ.
ಮಂಗಳವಾರ ಗೇಟಿಗೆ ಪಟ್ಟಿ ಹಚ್ಚಿದ್ರು,
ಇಂಗ್ಲಿಷಿನ್ಯಾಗ, ನಲವತ್ತೆರಡು ಹೆಸರು.
ಎಸ್ಪೆರಾನ್ಸ್ ಓದಿ ಹೇಳಿದ್ಲು.
ಆಕಿ ಹೆಸರಿಗೆ ಭರವಸೆ ಅಂತ ಅರ್ಥವಂತ,
ಒಂದು ಸಲ ಅದಕ್ಕ ಇಬ್ರೂ ನಕ್ಕಿದ್ದೆವು.
ಎರಡು ಸಲ ಓದಿದ್ಲು.
ಮೂರನೇ ಸಲ ನಾನೇ ಬ್ಯಾಡ ಅಂದೆ.

ಏಳು ಶುಕ್ರವಾರ ಉಪಾಸ ಇದ್ದೆ.
ಸೊಸೈಟಿ ಸಾಲದಂಗ ಲೆಕ್ಕಾ ಇಟ್ಟಿದ್ದೆ.
ಬಡ್ಡಿ ಹೋಗಲಿ,
ಅಸಲೂ ತಿರುಗಿ ಕೊಡಲಿಲ್ಲ ನೀನು.
ನಾಕು ರಾತ್ರಿ ನಿನ್ನ ಜೋಡಿ ಮಾತು ಬಿಟ್ಟೆ.
ನೀನೂ ಮಾತಾಡಲಿಲ್ಲ.

ಶನಿವಾರ ನಸುಕಿನ್ಯಾಗ
ಒಣಮೀನಕ್ಕಂತ ಖಾರಿವಾಡದ ಜೆಟ್ಟಿಗೆ ಹೋದೆ.
ಒಂದು ದೋಣಿ ಬರಿದೇ ಬಂದಿತ್ತು:
ಎರಡು ಏಡಿ, ಒಂದು ಪ್ಲಾಸ್ಟಿಕ್ ಚಪ್ಪಲಿ.
ಮುದುಕ ತಾಂಡೇಲ ಕುಕ್ಕರಗಾಲಿಲೆ ಕುಂತು
ಬಲಿ ತೊಳೀತಿದ್ದ.
ಏನೂ ಸಿಗದ ಬಲಿ ಯಾಕ ತೊಳೀತಿ ಅಣ್ಣಾ, ಅಂದೆ.
ಮುಖ ಎತ್ತಲಿಲ್ಲ ಅಂವ.
ಸಂಜೀಕ ಮತ್ತ ಹೋಗಬೇಕಲ್ಲ, ಅಂದ.

ನೀ ದೋಣಿ ಹತ್ತೂಕಿಂತ ಮುಂಚೆ
ಪೇತ್ರನೂ ಹಿಂಗ ತೊಳಕೋತ ಕುಂತಿದ್ದ, ಅಲ್ಲೇನು?
ಬೆಟಗೇರಿ ಸಂಡೇ ಸ್ಕೂಲಿನ್ಯಾಗ
ಆ ಪಾಠ ಎಷ್ಟು ಸಲ ಒಪ್ಪಿಸೀನಿ,
ಬರೇ ಮೀನ ಎಣಿಸೀನಿ.
ಆ ಕೈ ನೋಡಿರಲಿಲ್ಲ,
ರಾತ್ರಿಯೆಲ್ಲಾ ಸೋತ ಕೈ,
ಎಳಿ ಎಳಿ ಬಿಡಿಸಿ
ಪಾಚಿ ತೆಗಿಯೂ ಕೈ.

ಐತವಾರ ಮಧ್ಯಾಹ್ನ ಮೂರಕ್ಕ ನಮ್ಮ ಕನ್ನಡ ಆರಾಧನಿ.
ಬಾಡಿಗಿ ಸಾಲಿ ಹಾಲು, ಸಣ್ಣ ಮಕ್ಕಳ ಬೆಂಚು,
ಕುಂತರ ಮೊಣಕಾಲು ಗದ್ದಕ್ಕ ಬಡೀತಾವ.
ಲಕೋಟಿ ತೊಡಿ ಮ್ಯಾಲಿಟ್ಟು
ಐದರ ಅಂಕಿ ತಿದ್ದಿ ಒಂದು ಮಾಡಿದೆ.
ಕಾರಣದ ಮ್ಯಾಲೆ ಗೀಟು ಎಳದೆ.
ಬ್ಯಾರೆ ಏನು ಬರೀಲಿ,
ಪೆನ್ನು ಕಚ್ಚಿಕೋತ ಕುಂತೆ,
ಚೀಲ ನನ್ನ ಮುಂದ ಬಂದೇಬಿಡ್ತು.

ಅಯ್ಯನೋರು ಒಂದೊಂದೇ ಓದ್ತಾರ:
ಮಗಳ ಹೆರಿಗಿ ಸುಸೂತ್ರ ಆದದ್ದಕ್ಕ.
ಸೆಕೆಂಡ್‌ಹ್ಯಾಂಡ್ ಸ್ಕೂಟಿ ಕೊಂಡದ್ದಕ್ಕ.
ಕಳದ ಆಧಾರ್ ಕಾರ್ಡು ಸಿಕ್ಕಿದ್ದಕ್ಕ.
ನಂದು ಬಂತು.
ಹೆಸರು ಓದಿದ್ರು, ಕಾಣಿಕಿ ಓದಿದ್ರು,
ಚಷ್ಮಾ ಏರಿಸಿದ್ರು.
ಕಾರಣ... ಅಂತ ನಿಂತ್ರು.
ಹಾಲೆಲ್ಲಾ ಹೊಳ್ಳಿ ನನ್ನ ನೋಡ್ತು.

ಎದ್ದು ನಿಂತೆ. ಬೆಂಚು ಕಿರ್ ಅಂತು.
ಕಾರಣ ಇಲ್ರೀ ಅಯ್ಯನೋರ,
ಸುಮ್ನ ಕೊಟ್ಟೀನಿ, ಅಂದೆ.
ಅಂದಮ್ಯಾಲೆ ನನಗೂ ತಿಳೀತು
ಇಷ್ಟು ವರ್ಷ ನೀ ನನಗ ಹೆಂಗ ಕೊಟ್ಟಿ ಅಂತ.

ಸಿಟ್ಟು ಪೂರಾ ಇಳದಿಲ್ಲ, ಸುಳ್ಳು ಹೇಳೂದಿಲ್ಲ.
ಆದರ ಸೋಮವಾರ ಪಾಳಿ ಮುಗದ ಮ್ಯಾಲೆ
ನಳದ ಬುಡಕ ಕಸಬರಿಗಿ ಹಿಡದು
ಕಡ್ಡಿ ಕಡ್ಡಿ ಬಿಡಿಸಿ ತೊಳದೆ.
ಹನ್ನೊಂದು ವರ್ಷದಾಗ
ಎಂದೂ ತೊಳದಿರಲಿಲ್ಲ.