ಕಾರ್ಬನ್ ಕೆಳಗಿನ ಹಾಳೆ

ಲಂಡನ್ನಿನಿಂದ ಬಂದ ಸುತ್ತೋಲೆಯ ಲಕೋಟೆ ಒಡೆದವಳು ನಾನೇ,
ಹೋಲ್ರಾಯ್ಡ್ ಸಾಹೇಬರ ದಂತದ ಚಾಕುವಿನಿಂದ.
‘ಆದೇಶಿಸುತ್ತೇವೆ’ ಎಂದಿರಲಿಲ್ಲ, ‘ಕೋರುತ್ತೇವೆ’ ಎಂದಿತ್ತು.
ಆ ಒಂದು ಕ್ರಿಯಾಪದದ ನೆರಳಲ್ಲಿ
ಥಾರ್ನ್‌ಬೆಕ್ ಪುರಸಭೆ ನಾಲ್ಕು ವರ್ಷ ನಿದ್ದೆ ಮಾಡಿತು.

ಹನ್ನೊಂದು ತುಂಬಿದ ಮಕ್ಕಳನ್ನು ಒಂದು ಬೆಳಗಿನ ಪರೀಕ್ಷೆಯಲ್ಲಿ ಕೇರಿ
ಕಾಳು ಅತ್ತ, ಜೊಳ್ಳು ಇತ್ತ ಮಾಡುವುದನ್ನು ನಿಲ್ಲಿಸಿ,
ಎಲ್ಲರಿಗೂ ಒಂದೇ ಶಾಲೆಯ ಯೋಜನೆ ಕಳಿಸಿ.
ಸಾರಾಂಶ ಇಷ್ಟೇ. ಸುತ್ತೋಲೆಯ ಭಾಷೆ ಇಷ್ಟು ನೇರವಿರಲಿಲ್ಲ.

ಉತ್ತರಗಳನ್ನೆಲ್ಲ ಟೈಪು ಮಾಡಿದೆ.
‘ವಿಷಯವು ಸಮಿತಿಯ ಪರಿಶೀಲನೆಯಲ್ಲಿದೆ.’
‘ಪಾಲಕರ ಅಭಿಪ್ರಾಯ ಇನ್ನೂ ಬರಬೇಕಿದೆ.’
ಅಡ್ಡಗೋಡೆಯ ಮೇಲೆ ದೀಪವಿಡುವುದನ್ನು
ನಿಮಿಷಕ್ಕೆ ಅರವತ್ತು ಪದದ ವೇಗದಲ್ಲಿ ಕಲಿತೆ.
ಪ್ರತಿ ಪತ್ರಕ್ಕೂ ಮೂರು ಹಾಳೆ: ಮೇಲಿನದು ಮಂತ್ರಿಗೆ,
ನಡುವಿನದು ಕಡತಕ್ಕೆ,
ಕೆಳಗಿನದು, ಅಕ್ಷರ ಮಸುಕಾದದ್ದು,
ಯಾರಿಗೆಂದು ಯಾರೂ ಹೇಳಿರಲಿಲ್ಲ.

ಆಲ್ಡರ್‌ಮನ್ ಪಿಕ್‌ಸ್ಟೋನ್ ಮೇಜು ಗುದ್ದಿದರು:
‘ನಾಲ್ಕು ನೂರು ವರ್ಷದ ಗ್ರಾಮರ್ ಸ್ಕೂಲು!
ಯಾವನೋ ಗುಮಾಸ್ತ ಹೇಳಿದ ಅಂತ ಬಾಗಿಲು ಹಾಕಬೇಕೆ?’
ನನಗೂ ಸಿಟ್ಟು ಬಂತು, ಲಂಡನ್ನಿನ ಮೇಲೇ.
ನಮ್ಮೂರಿನ ಮೂಗು ಹಿಡಿದು ಬಾಯಿ ತೆರೆಸಲು ಇವರು ಯಾರು?
ಆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ ನಾನು, ಆದರೂ.

ಆಮೇಲೆ ಬಂತು ಗಟ್ಟಿ ಕಾಗದ:
ಯೋಜನೆ ಇಲ್ಲದಿದ್ದರೆ ಕಟ್ಟಡಕ್ಕೆ ಹಣವಿಲ್ಲ.
ಮಿಲ್ ಲೇನಿನ ಮಾಡರ್ನ್ ಶಾಲೆಯಲ್ಲಿ (ಅದು ನನ್ನ ಶಾಲೆ)
ಅಡುಗೆ ಕಲಿಸುವ ಕೋಣೆಯ ಸೂರು ಸೋರುತ್ತಿತ್ತು.
ನನ್ನ ಕಾಲದ ಬಕೆಟ್ಟೇ ಇನ್ನೂ ಇತ್ತಂತೆ, ತಳಕ್ಕೆ ಹೊಸ ಬೆಸುಗೆ.
ಜಗಳ ಮೇಲಿನವರದು; ಹನಿ ಬಿದ್ದದ್ದು ಕಲಸಿದ ಹಿಟ್ಟಿನ ಮೇಲೆ.

ಹಳೆಯ ಅಂಕಪಟ್ಟಿಗಳ ಲೆಕ್ಕ ಕೇಳಿದರು ಒಮ್ಮೆ.
ನೆಲಮಾಳಿಗೆಗೆ ಇಳಿದೆ, ಬಾಯ್ಲರ್ ಪಕ್ಕದ ಕಪಾಟಿಗೆ.
ನಲವತ್ತೇಳನೇ ಇಸವಿ.
ಆ ವರ್ಷ ಹಿಮ ಕಿಟಕಿಯ ಮಟ್ಟ ಬಂದಿತ್ತು.
ನಾನು, ಕ್ಲಿಫರ್ಡ್, ಹನ್ನೆರಡು ನಿಮಿಷದ ಅಂತರದಲ್ಲಿ ಹುಟ್ಟಿದವರು,
ಒಂದೇ ಜೋಡಿ ಕೈಗವಸಿನಲ್ಲಿ ಪರೀಕ್ಷೆಗೆ ಹೋಗಿದ್ದೆವು.
ಬಲಗೈಯದು ಇಬ್ಬರಿಗೂ ಬೇಕು. ಅವನೇ ಬಿಟ್ಟುಕೊಟ್ಟ.
ಮೇ ತಿಂಗಳಲ್ಲಿ ಅವನಿಗೆ ದಪ್ಪ ಲಕೋಟೆ, ನನಗೆ ತೆಳುವಿನದು.
ಅವನ ಸಮವಸ್ತ್ರಕ್ಕೆಂದು ಅಮ್ಮ ಗಡಿಯಾರ ಮಾರಿದಳು;
ನನಗೆ ಹೇಳಿದಳು: ‘ನಿನ್ನ ಕೈ ಚುರುಕು, ಅದೂ ಒಂದು ವಿದ್ಯೆಯೇ.’

ರಡ್ಕಿನ್, ಸಿ.: ಇನ್ನೂರ ಹದಿನಾಲ್ಕು.
ರಡ್ಕಿನ್, ಎಂ.: ಇನ್ನೂರ ಹತ್ತೊಂಬತ್ತು.
ಬೆರಳಿಟ್ಟು ಮತ್ತೆ ಓದಿದೆ. ಸಾಲು ತಪ್ಪಿರಲಿಲ್ಲ.
ಅಂಚಿನಲ್ಲಿ ಹಸಿರು ಶಾಯಿ:
‘ಹುಡುಗರ ಸೀಟು ಅರವತ್ತು, ಹುಡುಗಿಯರದು ಮೂವತ್ತೆಂಟು.
ಹುಡುಗಿಯರಿಗೆ ಗೆರೆ ಇನ್ನೂರ ಇಪ್ಪತ್ತೆರಡು.’
ಒಳ್ಳೆಯ ಕೈಬರಹ. ಯಾರ ಮೇಲೂ ದ್ವೇಷವಿಲ್ಲದ ಅಕ್ಷರ.

ಇಪ್ಪತ್ತೆರಡು ವರ್ಷ ದಡ್ಡಿಯಾಗಿ ಜೋಪಾನವಾಗಿ ಬದುಕಿದ್ದೆ:
ಓದಿದ ಪುಸ್ತಕದ ಹೆಸರು ಯಾರೆದುರೂ ಹೇಳುತ್ತಿರಲಿಲ್ಲ,
ಉಚ್ಚಾರ ತಪ್ಪೀತೆಂದು.

ಆ ರಾತ್ರಿ ಲೆಸ್ಟರಿನ ಅವನ ಔಷಧದಂಗಡಿಗೆ ಫೋನು ಮಾಡಿದೆ.
ಅಮ್ಮನ ಮೊಣಕಾಲಿನ ವಿಷಯ ಮಾತಾಡಿದೆ.
ಅವನು ಒಂದು ಮುಲಾಮಿನ ಹೆಸರು ಹೇಳಿದ.
ಬರೆದುಕೊಂಡೆ.

ಕೊನೆಗೊಂದು ಗುರುವಾರ: ‘ಯೋಜನೆಯನ್ನು ಲಗತ್ತಿಸಿದೆ.’
ಪಿಕ್‌ಸ್ಟೋನ್ ಸಭೆಗೆ ಬಂದಿರಲಿಲ್ಲ, ನೆಗಡಿಯಂತೆ.
ಎರಡೂ ಶಾಲೆ ಒಂದು; ಒಂದೇ ಟೊಪ್ಪಿಗೆ, ಒಂದೇ ಗೇಟು.
ಟೈಪು ಮಾಡುತ್ತ ಮಾಡುತ್ತ ಬಂತು ಹದಿನಾಲ್ಕನೇ ಕಂಡಿಕೆ:
ಹೊಸ ಶಾಲೆಗೆ ಬಂದ ಮೊದಲ ವಾರವೇ ಮಕ್ಕಳನ್ನು
ಸಾಮರ್ಥ್ಯಕ್ಕೆ ತಕ್ಕಂತೆ ಆರು ವರ್ಗಗಳಾಗಿ,
ಎ ಇಂದ ಎಫ್ ವರೆಗೆ—

ಬೆರಳು ನಿಂತಿತು.
ಮೂರೂ ಹಾಳೆ ಯಂತ್ರದ ಬಾಯಲ್ಲೇ ಇದ್ದವು.
‘ರಿಬ್ಬನ್ ಮುಗಿಯಿತೇನು, ಮಿಸ್ ರಡ್ಕಿನ್?’
ಬಾಗಿಲಲ್ಲಿ ಹೋಲ್ರಾಯ್ಡ್ ಸಾಹೇಬರು.

‘ಇಲ್ಲ ಸರ್,’ ಅಂದೆ. ‘ಓದುತ್ತಿದ್ದೇನೆ.’